ಬಾತಿನ ಮೊಟ್ಟೆಯ ಇದ್ದಿಲ ಗುರುತು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಬೀಗ ಇರಲಿಲ್ಲ, ಅನುಮಾನ ಮಾತ್ರ ಬೇಕಾದಷ್ಟಿತ್ತು. ಹಾಲಿನವಳು ನೀರು ಬೆರೆಸುತ್ತಾಳೆ, ಸೀಮೆಎಣ್ಣೆಯವನು ಅಳತೆಯಲ್ಲಿ ಮೋಸ ಮಾಡುತ್ತಾನೆ, ಪಕ್ಕದ ಮನೆಯ ಬೆಕ್ಕು ಬೇಕೆಂದೇ ನಮ್ಮ ಅಡುಗೆಮನೆಗೆ ಬರುತ್ತದೆ ಎಂದೆಲ್ಲ ಅಪ್ಪನ ನಂಬಿಕೆ. ಅಪ್ಪನ ಮೂಗು ಅಣ್ಣನಿಗೆ ಬಂತು, ಅನುಮಾನ ನನಗೆ ಬಂತು.

ಆಗ ನಾವು ಹಲಸೂರು ಕೆರೆಯ ಹತ್ತಿರದ ಒಂದು ಗಲ್ಲಿಯಲ್ಲಿದ್ದೆವು. ಅದು ಯುದ್ಧದ ಕಾಲ. ಹಳೇ ಮದರಾಸು ರಸ್ತೆಯಲ್ಲಿ ಹಗಲೆಲ್ಲ ಮಿಲಿಟರಿ ಲಾರಿಗಳು ಧೂಳೆಬ್ಬಿಸಿಕೊಂಡು ಓಡುತ್ತಿದ್ದವು. ಪೇಟೆಗೆ ಬಂದ ಮೊಟ್ಟೆಯೆಲ್ಲ ಸೋಲ್ಜರುಗಳ ಅಡುಗೆಮನೆ ಸೇರುತ್ತಿತ್ತು. ನಮ್ಮಂಥವರ ಮನೆಯಲ್ಲಿ ಮೊಟ್ಟೆ ತಿನ್ನಬೇಕೆಂದರೆ ಜ್ವರ ಬರಬೇಕಿತ್ತು. ಅಪ್ಪ ದಂಡಿನ, ಅಂದರೆ ಕಂಟೋನ್ಮೆಂಟಿನ, ಒಂದು ಬಂಗಲೆಯಲ್ಲಿ ಮಾಲಿಯಾಗಿದ್ದರು. ಒಂದು ದಿನ ಆ ಬಂಗಲೆಯ ದೊರೆಸಾನಿ ಅಪ್ಪನ ಕೈಗೆ ಎಂಟು ಬಾತಿನ ಮೊಟ್ಟೆ ಕೊಟ್ಟಳಂತೆ. ತನ್ನ ಬಾತುಗಳು ಮೊಟ್ಟೆ ಇಡುತ್ತವೆ, ಕಾವಿಗೆ ಕೂರುವುದಿಲ್ಲ. ನಿನ್ನ ಮನೆಯ ಕೋಳಿಯ ಕೆಳಗಿಟ್ಟು ಮರಿ ಮಾಡಿಸಿಕೊಡು, ಅರ್ಧ ನೀನೇ ಇಟ್ಟುಕೋ ಎಂದಳಂತೆ. ಅಪ್ಪ ಆಗಲಿ ಎಂದು ಮಾತು ಕೊಟ್ಟು ಬಂದರು.

ನಮ್ಮ ಕಪ್ಪು ಕೋಳಿ ಆಗಷ್ಟೇ ಕಾವಿಗೆ ಬಂದಿತ್ತು. ಹತ್ತಿರ ಹೋದರೆ ರೆಕ್ಕೆ ಕೆದರಿಕೊಂಡು ಕೊರ್ರೆನ್ನುತ್ತಿತ್ತು. ಅಪ್ಪ ಅಡುಗೆಮನೆಯ ಹಿಂದಿನ ಸೌದೆಕೋಣೆಯಲ್ಲಿ ಬಿದಿರಿನ ಮಂಕರಿ ಇಟ್ಟು, ಅದರ ತುಂಬ ರಾಗಿ ಹುಲ್ಲು ಹಾಸಿ, ನಡುವೆ ಕೈಯಿಂದ ಒತ್ತಿ ಗುಂಡಿ ಮಾಡಿದರು. ಬಾತಿನ ಮೊಟ್ಟೆ ಕೋಳಿ ಮೊಟ್ಟೆಗಿಂತ ದಪ್ಪ, ತಿಳಿ ಹಸಿರು ಬಣ್ಣ, ಮುಟ್ಟಿದರೆ ಮೇಣ ಸವರಿದ ಹಾಗೆ ನುಣುಪು. ಯಾರಾದರೂ ಬದಲಾಯಿಸಿಬಿಟ್ಟಾರು ಎಂದು ಅಪ್ಪ ಒಂದೊಂದರ ಮೇಲೂ ಇದ್ದಿಲಿನಿಂದ ಗುರುತು ಹಾಕಿ, ಆಮೇಲೆ ಕೋಳಿಯ ಕೆಳಗಿಟ್ಟರು.

"ಯಾರೂ ಕೈ ಹಾಕ್ಬಾರ್ದು. ಕೈ ವಾಸ್ನೆ ತಗುಲಿದ್ರೆ ಕೋಳಿ ಕಾವು ಬಿಟ್ಟು ಎದ್ದುಬಿಡುತ್ತೆ," ಎಂದು ಮನೆಯವರಿಗೆಲ್ಲ ಹೇಳಿದರು. ನನ್ನನ್ನು ಪಕ್ಕಕ್ಕೆ ಕರೆದು, "ನೀನು ಒಂದು ಕಣ್ಣಿಟ್ಟಿರು," ಎಂದರು. ಎಂಟು ವರ್ಷದ ನನಗೆ ಅದಕ್ಕಿಂತ ದೊಡ್ಡ ಅಧಿಕಾರ ಬೇಕಿರಲಿಲ್ಲ.

ಮನೆಯಲ್ಲಿದ್ದವರು ಅಪ್ಪ, ಅಮ್ಮ, ನಾನು ಮತ್ತು ಅತ್ತಿಗೆ. ಅಣ್ಣನಿಗೆ ಮಿಲಿಟರಿ ಲಾರಿ ರಿಪೇರಿ ಮಾಡುವ ಶೆಡ್ಡಿನಲ್ಲಿ ಕೆಲಸ. ಅಲ್ಲೇ ಇದ್ದು ತಿಂಗಳಿಗೊಮ್ಮೆ ಬರುತ್ತಿದ್ದ. ಅತ್ತಿಗೆ ಮದುವೆಯಾಗಿ ಬಂದು ಎರಡು ತಿಂಗಳಾಗಿತ್ತು. ಕೃಷ್ಣರಾಜಪುರದ ಆಚೆಯ ಹಳ್ಳಿಯವಳು, ಮಾತು ಬಹಳ ಕಡಿಮೆ. ಸೊಸೆ ಮಾವನ ಜೊತೆ ಮಾತಾಡುವ ಪದ್ಧತಿ ನಮ್ಮ ಮನೆಯಲ್ಲಿರಲಿಲ್ಲ. ಅಪ್ಪ ಊಟಕ್ಕೆ ಕೂತರೆ ಅವಳು ಬಾಗಿಲ ಮರೆಯಿಂದಲೇ ತಟ್ಟೆ ಸರಿಸುತ್ತಿದ್ದಳು. ಇಷ್ಟು ಸುಮ್ಮನಿರುವವಳು ಒಳಗೊಳಗೇ ಏನೋ ಯೋಚನೆ ಮಾಡುತ್ತಿರಬೇಕು ಎಂದು ನನಗೆ ಮೊದಲಿನಿಂದಲೂ ಗುಮಾನಿ.

ಕೋಳಿ ದಿನಕ್ಕೊಂದು ಸಲ, ಮಧ್ಯಾಹ್ನ, ಮಂಕರಿಯಿಂದ ಇಳಿದು ಹಿತ್ತಲಿಗೆ ಹೋಗಿ ಕಾಳು ತಿಂದು ಬರುತ್ತಿತ್ತು. ಆ ಹೊತ್ತಿಗೆ ನಾನು ಸ್ಕೂಲಿನಲ್ಲಿರುತ್ತಿದ್ದೆ. ಎರಡನೆಯ ಭಾನುವಾರ ಕೋಳಿ ಇಳಿದಾಗ ಬಗ್ಗಿ ನೋಡಿದೆ. ಎಂಟರಲ್ಲಿ ಐದು ಮೊಟ್ಟೆಯ ಮೇಲೆ ಗುರುತಿಲ್ಲ. ಅಪ್ಪನ ಮಾತು ಮೀರಿ, ಕದ್ದು, ನಾನೇ ಹೊಸ ಗುರುತು ಹಾಕಿದೆ. ಮಾರನೆಯ ಸಂಜೆ ಕೋಳಿಯ ಎದೆ ಎತ್ತಿ ನೋಡಿದೆ, ಕುಕ್ಕಿಸಿಕೊಂಡೆ ಕೂಡ. ನನ್ನ ಗುರುತೂ ಮಾಯ. ನಾನೇ ಮೊಟ್ಟೆ ಮುಟ್ಟಿದ್ದರಿಂದ ಅಪ್ಪನಿಗೆ ಹೇಳುವ ಹಾಗೂ ಇರಲಿಲ್ಲ.

ಪಕ್ಕದ ಮನೆಯ ಉರ್ದು ಮಾತಿನ ಚಿಕ್ಕಮ್ಮ, ನಮಗೆಲ್ಲ ಖಾಲಾ, ದಿನವೂ ಗೋಡೆಯ ಮೇಲಿಂದ ಕತ್ತು ಚಾಚಿ, "ಕ್ಯಾ ಬೇಟಿ, ಮರಿ ಆಯ್ತಾ?" ಎಂದು ಕೇಳುತ್ತಿದ್ದರು. ಇಷ್ಟೊಂದು ವಿಚಾರಣೆ ಯಾಕೆ ಎಂದು ಮೊದಲು ಅವರ ಮೇಲೆ ಕಣ್ಣಿಟ್ಟೆ. ಆದರೆ ಮಂಡಿ ನೋವಿನ ಖಾಲಾಗೆ ಗೋಡೆ ಹಾರುವುದು ಆಗದ ಮಾತು. ಆಮೇಲೆ ಅತ್ತಿಗೆಯ ಅಪ್ಪ ನೆನಪಾದರು. ಅವರು ಸೋಮವಾರ ಸೋಮವಾರ ಸೊಪ್ಪಿನ ಬುಟ್ಟಿ ಹೊತ್ತು ಹಲಸೂರಿಗೆ ಮಾರಲು ಬಂದು, ಮಗಳನ್ನು ನೋಡಿಕೊಂಡು ಹೋಗುತ್ತಿದ್ದರು. ಬರುವಾಗ ಬುಟ್ಟಿ ತೆರೆದಿರುತ್ತಿತ್ತು, ಹೋಗುವಾಗ ಅದರ ಮೇಲೆ ಟವಲ್ಲು. ನನಗೆ ಎಲ್ಲ ಅರ್ಥವಾಗಿಹೋಯಿತು. ದೊರೆಸಾನಿಯ ತಾಜಾ ಮೊಟ್ಟೆ ಟವಲ್ಲಿನ ಕೆಳಗೆ ಹೋಗುತ್ತಿದೆ, ಎಲ್ಲಿಯದೋ ಹಳೇ ಮೊಟ್ಟೆ ನಮ್ಮ ಕೋಳಿಯ ಕೆಳಗೆ ಬರುತ್ತಿದೆ.

ಮೂರನೆಯ ವಾರ ಮುಗಿಯುವ ಶನಿವಾರ, ಸ್ಕೂಲಿಗೆ ಹೋಗುವ ಮುಂಚೆ ಸೌದೆಕೋಣೆಯ ಹೊಸಿಲಿನ ಒಳಗೆ ಒಲೆಯ ಬೂದಿಯನ್ನು ತೆಳ್ಳಗೆ ಉದುರಿಸಿದೆ. ಸಂಜೆ ಬಂದು ನೋಡಿದರೆ ಕೋಳಿಯ ಹೆಜ್ಜೆಗಳ ಪಕ್ಕದಲ್ಲಿ ಒಂದು ಸಣ್ಣ ಪಾದ, ಎರಡನೆಯ ಬೆರಳಿನ ಹತ್ತಿರ ಕಾಲುಂಗುರದ ಗೀರು. ಅಮ್ಮನ ಪಾದ ಅದರ ಒಂದೂವರೆ ಪಟ್ಟು ದೊಡ್ಡದು. ನನಗೆ ಆ ಸಂಜೆ ಊಟವೇ ಬೇಡವೆನ್ನುವಷ್ಟು ಹೆಮ್ಮೆ.

ಮಾರನೆಯ ದಿನ ಭಾನುವಾರ. ಅಪ್ಪ ಬೆಳಿಗ್ಗೆಯೇ ಕೋಳಿಯನ್ನು ಎತ್ತಿ ಪಕ್ಕಕ್ಕಿಟ್ಟರು. ಒಂದು ಮೊಟ್ಟೆಯೂ ಬಿರುಕು ಬಿಟ್ಟಿರಲಿಲ್ಲ. ಒಂದನ್ನು ಕಿವಿಯ ಹತ್ತಿರ ಹಿಡಿದರು, ಮೂಸಿದರು. "ಮೂರು ವಾರಕ್ಕೆ ಮರಿ ಬರ್ಬೇಕು. ನೆನ್ನೇನೇ ಒಡೀಬೇಕಿತ್ತು," ಎಂದರು. ಅಷ್ಟರಲ್ಲಿ ಮೊಟ್ಟೆ ತಿರುಗಿಸಿ ನೋಡಿ, "ನನ್ನ ಗುರುತು ಎಲ್ಲೋಯ್ತು?" ಎಂದರು.

ನಾನು ಕಾದಿದ್ದೇ ಅದಕ್ಕೆ. ಗುರುತು ಅಳಿಸಿದ್ದು, ಬುಟ್ಟಿಯ ಟವಲ್ಲು, ಕಾಲುಂಗುರ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ಅಪ್ಪನ ಕೈ ಹಿಡಿದು ಬೂದಿಯ ಹತ್ತಿರ ಕರೆದೊಯ್ದೆ. ಅಪ್ಪ ಕುಕ್ಕರುಗಾಲಲ್ಲಿ ಕೂತು ಆ ಪಾದವನ್ನು ಬಹಳ ಹೊತ್ತು ನೋಡಿದರು. ಆಮೇಲೆ ನಡುಮನೆಗೆ ಬಂದು ಕೂತರು.

"ಬಂಗ್ಲೇಲಿ ಏನಂತ ಹೇಳ್ಲಿ? ಮಾಲಿನೇ ತಿಂದ ಅಂತಾರೆ," ಎಂದರು. ಅಮ್ಮನ ಕಡೆ ತಿರುಗಿ, "ನಾಳೆ ಬೀಗರು ಬರ್ತಾರಲ್ಲ, ಅವರ ಜೊತೇಲೇ ಕಳಿಸ್ಬಿಡು. ಮಗ ಬಂದ್ಮೇಲೆ ನೋಡೋಣ," ಎಂದರು.

"ಅವಳನ್ನ ಒಂದು ಮಾತು ಕೇಳ್ಬೇಡ್ವಾ?" ಎಂದಳು ಅಮ್ಮ.

"ಕೇಳೋದೇನು. ಕಾಲೇ ಹೇಳ್ತಿದೆ."

ನಮ್ಮ ಗಲ್ಲಿಯಲ್ಲಿ ಹೀಗೆ ತವರಿಗೆ ಕಳಿಸಿದ ಒಬ್ಬ ಸೊಸೆ ಮತ್ತೆ ಬಂದಿರಲೇ ಇಲ್ಲ. ಅದು ನನಗೂ ಗೊತ್ತಿತ್ತು. ಕಳ್ಳಿಯನ್ನು ಹಿಡಿಯಬೇಕೆಂದಿದ್ದೆನೇ ಹೊರತು, ಹಿಡಿದ ಮೇಲೆ ಏನಾಗುತ್ತದೆ ಎಂದು ಯೋಚಿಸಿರಲಿಲ್ಲ.

ಆಗ ಅಡುಗೆಮನೆಯ ಬಾಗಿಲ ಮರೆಯಿಂದ ಅತ್ತಿಗೆ ನನ್ನನ್ನು ಕರೆದಳು. "ಪುಟ್ಟೀ, ಮಾವನವ್ರಿಗೆ ಹೇಳಮ್ಮ. ನಾನು ಮೊಟ್ಟೆ ತಗೊಂಡಿಲ್ಲ. ಅದಕ್ಕೆ ನೀರು ಸವರ್ತಿದ್ದೆ."

ಅಪ್ಪ ಕೂತಿದ್ದು ನಾಲ್ಕು ಮೊಳ ದೂರದಲ್ಲಿ. ಅವರಿಗೆ ಸ್ಪಷ್ಟವಾಗಿ ಕೇಳಿಸಿತ್ತು. ಆದರೂ ನನ್ನ ಮುಖ ನೋಡಿ, "ಏನಂತೆ?" ಎಂದರು.

"ನೀರು ಸವರ್ತಿದ್ದಳಂತೆ."

"ಯಾಕಂತೆ?"

ನಾನು ಬಾಗಿಲ ಕಡೆ ತಿರುಗಿದೆ. "ಬಾತು ಕೆರೇಲಿ ಈಜಿ ಬಂದು, ಒದ್ದೆ ಹೊಟ್ಟೇಲೇ ಮೊಟ್ಟೆ ಮೇಲೆ ಕೂರುತ್ತೆ," ಎಂದಳು ಅತ್ತಿಗೆ. "ಕೋಳಿ ಹೊಟ್ಟೆ ಒಣಗಿರುತ್ತೆ. ನೀರು ಸವರ್ದೇ ಇದ್ರೆ ಒಳಗಿನ ಪೊರೆ ಗಟ್ಟಿಯಾಗಿ ಮರಿ ಹೊರಗೆ ಬರಕ್ಕಾಗಲ್ಲ. ನಮ್ಮಜ್ಜಿ ಬಾತು ಸಾಕಿದ್ರು. ಕೋಳಿಗೆ ಮೂರು ವಾರ, ಬಾತಿಗೆ ನಾಲ್ಕು ವಾರ. ಇನ್ನೂ ಆರು ದಿನ ಬೇಕು."

ಅಷ್ಟನ್ನೂ ನಾನು ಅಪ್ಪನಿಗೆ ಒಪ್ಪಿಸಿದೆ. ಒಂದೇ ಮಾತನ್ನು ಎರಡೆರಡು ಸಲ ಕೇಳುತ್ತ ಅಪ್ಪನ ಮುಖ ಬಾಡುತ್ತ ಬಂತು. "ಮೊದ್ಲೇ ಯಾಕೆ ಹೇಳ್ಲಿಲ್ಲಂತೆ?" ಎಂದರು. ಅಮ್ಮನೇ ಹೇಳಿದಳು: "ಯಾರಿಗೆ ಹೇಳ್ಬೇಕಿತ್ತು? ಮುಟ್ಬೇಡಿ ಅಂದೋರು ನೀವು. ನಿಮ್ಮ ಹತ್ರ ಅವಳು ಮಾತಾಡೋ ಹಾಗಿಲ್ಲ."

ಅಪ್ಪ ಅಷ್ಟಕ್ಕೆಲ್ಲ ನಂಬುವವರಲ್ಲ. ಮೊಟ್ಟೆಯೊಳಗೆ ಮರಿ ಇದೆ ಎನ್ನುವುದಕ್ಕೆ ಏನು ರುಜುವಾತು ಎಂದರು. ಅತ್ತಿಗೆ ನನ್ನಿಂದ ಅಗಲವಾದ ಪಾತ್ರೆ ತರಿಸಿದಳು. ಹಂಡೆಯ ಬಿಸಿನೀರಿಗೆ ತಣ್ಣೀರು ಬೆರೆಸಿ, ಮೊಣಕೈ ಅದ್ದಿ ಶಾಖ ನೋಡಿದಳು. ಪಾತ್ರೆ ಹಿಡಿದು ಸೆರಗು ಹೊದ್ದು ಅಂಗಳಕ್ಕೆ ಬಂದಳು. ಅಪ್ಪನ ಎದುರಿಗೆ ಅವಳು ನಿಂತದ್ದು ಅದೇ ಮೊದಲು.

ಒಂದು ಮೊಟ್ಟೆಯನ್ನು ಮೆಲ್ಲಗೆ ನೀರಿಗೆ ಬಿಟ್ಟಳು. ಅದು ತೇಲಿ, ಓಲಾಡಿ, ನಿಂತುಬಿಟ್ಟಿತು. ನಾವೆಲ್ಲ ಸುತ್ತ ಕುಕ್ಕರುಗಾಲಲ್ಲಿ ಕೂತಿದ್ದೆವು. ಗೋಡೆಯ ಮೇಲೆ ಖಾಲಾರ ಮುಖವೂ ಕಾಣಿಸಿತು. ಮೊಟ್ಟೆ ಅಲುಗಲಿಲ್ಲ. ಇಷ್ಟು ದಿನ ಕಳ್ಳಿ ಸಿಗಲಿ ಎಂದು ಕಾದಿದ್ದ ನಾನು, ಈಗ ಅಲುಗಪ್ಪ, ಅಲುಗು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅಷ್ಟರಲ್ಲಿ ಮೊಟ್ಟೆ ತಾನಾಗಿ ಒಂದು ಕಡೆಗೆ ವಾಲಿ, ಮತ್ತೆ ನೆಟ್ಟಗಾಯಿತು. ನೀರಿನಲ್ಲಿ ಸಣ್ಣ ಸುತ್ತುಗಳೆದ್ದವು.

"ಗಾಳಿ," ಎಂದರು ಅಪ್ಪ. ಪಾತ್ರೆಗೆ ಎರಡೂ ಕೈ ಅಡ್ಡ ಹಿಡಿದರು. ಮೊಟ್ಟೆ ಇನ್ನೊಂದು ಸಲ ಅಲುಗಿತು, ಈ ಸಲ ಜೋರಾಗಿ, ಒಳಗಿನಿಂದ ಯಾರೋ ಒದ್ದ ಹಾಗೆ. ಅಪ್ಪ ಕೈ ತೆಗೆದರು. ಎಂಟರಲ್ಲಿ ಆರು ಅಲುಗಿದವು, ಎರಡು ಸುಮ್ಮನಿದ್ದವು. ಅಪ್ಪ ಪಾತ್ರೆಯನ್ನೇ ನೋಡುತ್ತ, ನನ್ನ ಕಡೆ ತಿರುಗದೆ, "ಇನ್ನು ಆರು ದಿನ ಏನೇನು ಮಾಡ್ಬೇಕು ಹೇಳಮ್ಮ," ಎಂದರು. ಅತ್ತಿಗೆ ನನ್ನನ್ನು ಕರೆಯದೆ, ನೇರವಾಗಿ ಅವರಿಗೇ ಹೇಳಿದಳು.

ಸೋಮವಾರ ಅತ್ತಿಗೆಯ ಅಪ್ಪ ಬಂದು ಹೊರಡುವಾಗ ನಾನು ಟವಲ್ಲು ಎತ್ತಿ ನೋಡದೆ ಇರಲಿಲ್ಲ. ಮಾರದೆ ಉಳಿದ ಸೊಪ್ಪು ಬಾಡದಿರಲೆಂದು ಒದ್ದೆ ಟವಲ್ಲು ಮುಚ್ಚಿದ್ದರು, ಅಷ್ಟೆ. ಆ ವಾರವೆಲ್ಲ ಅತ್ತಿಗೆ ಹೇಳಿದಂತೆ ಮನೆ ನಡೆಯಿತು. ಮಂಕರಿಯ ಹುಲ್ಲು ಬದಲಾಯಿತು. ದಿನಕ್ಕೆರಡು ಸಲ ಉಗುರುಬೆಚ್ಚಗಿನ ನೀರು ನಾನೇ ಬಟ್ಟಲಿನಲ್ಲಿ ಒಯ್ದುಕೊಡುತ್ತಿದ್ದೆ. ಮರಿಗಳು ಮುಳುಗದಂತೆ ನೀರಿನ ತಟ್ಟೆಯಲ್ಲಿ ಕಲ್ಲು ಜೋಡಿಸಿದೆವು, ನುಚ್ಚಕ್ಕಿ ಆರಿಸಿಟ್ಟೆವು. ಶನಿವಾರ ಮೊಟ್ಟೆಗಳ ಒಳಗಿನಿಂದ ಕಟಕಟ ಸದ್ದು ಬಂತು. ಸಂಜೆಯ ಹೊತ್ತಿಗೆ ಐದು ಮರಿಗಳು ಹೊರಬಿದ್ದವು. ಒಂದಕ್ಕೆ ಬರಲಾಗಲಿಲ್ಲ, ಅತ್ತಿಗೆ ಅದನ್ನು ಹಿತ್ತಲಿನಲ್ಲಿ ಮಣ್ಣು ಮಾಡಿ ಅತ್ತಳು. ಕೋಳಿ ಉಳಿದ ಮರಿಗಳ ಚಪ್ಪಟೆ ಕೊಕ್ಕನ್ನು ಒಂದು ಕಣ್ಣಿನಿಂದ ನೋಡಿತು, ಇನ್ನೊಂದು ಕಣ್ಣಿನಿಂದ ನೋಡಿತು. ಅದಕ್ಕೂ ಅನುಮಾನ ಬಂದಿತ್ತೇನೋ. ಆದರೂ ರೆಕ್ಕೆ ಅಗಲಿಸಿ ಒಳಗೆ ಕರೆದುಕೊಂಡಿತು.

ಮಕ್ಕಳೇ, ಈಗ ನೀವಿರುವ ಇಂದಿರಾನಗರದಲ್ಲಿ ಆಗ ರಾಗಿ ಹೊಲಗಳಿದ್ದವು. ನಿಮಗೆ ಮೊಟ್ಟೆ ಡಬ್ಬಿಯಲ್ಲಿ ಬರುತ್ತದೆ, ಅದು ಅಲುಗಬಹುದು ಎಂದು ನಿಮಗೆ ಹೊಳೆಯುವುದೂ ಇಲ್ಲ. ನಿಮ್ಮಮ್ಮ ನನ್ನ ಸೊಸೆ. ನಾನು ತಪ್ಪು ಹೇಳಿದರೆ "ಅತ್ತೆ, ಅದು ಹಾಗಲ್ಲ," ಎಂದು ಎದುರಿಗೇ ಹೇಳುತ್ತಾಳೆ. ನನಗೆ ಒಂದು ಗಳಿಗೆ ಕೋಪ ಬರುತ್ತದೆ, ಆಮೇಲೆ ಸಮಾಧಾನವೇ ಆಗುತ್ತದೆ. ನೀವಂತೂ ದಿನಕ್ಕೆ ಇಪ್ಪತ್ತು ಸಲ "ಸಾರಿ" ಎನ್ನುತ್ತೀರಿ. ಕಾಲು ತಾಗಿದರೂ ಸಾರಿ, ಲೋಟ ಉರುಳಿದರೂ ಸಾರಿ. ನಾನು ನಿಮ್ಮನ್ನು ಅದಕ್ಕೆ ಗೇಲಿ ಮಾಡುತ್ತೇನೆ. ನಮ್ಮ ಮನೆಯಲ್ಲಿ ಅಂಥ ಮಾತೇ ಇರಲಿಲ್ಲ. ಅತ್ತಿಗೆ ಆಮೇಲೆ ನನ್ನ ಜಡೆ ಹೆಣೆದಳು, ನನ್ನ ಮದುವೆಗೆ ಓಡಾಡಿದಳು, ನನ್ನ ಬಾಣಂತನ ಮಾಡಿದಳು. ಅರವತ್ತು ವರ್ಷಕ್ಕೂ ಹೆಚ್ಚು ಅನ್ಯೋನ್ಯವಾಗಿ ಇದ್ದೆವು. ಆ ಭಾನುವಾರದ ಮಾತನ್ನು ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವಳು ಹೋಗಿ ಈಗ ಬಹಳ ವರ್ಷವಾಯಿತು. ನೀವು ಹೇಳುವುದು ಎರಡೇ ಅಕ್ಷರದ ಮಾತು. ನಾನು ಅವಳಿಗೆ ಅದನ್ನು ಹೇಳಲೇ ಇಲ್ಲ.