ಹಿಂದಿನ ಸೀಟು

ಸಂಡೂರಿನಲ್ಲಿ ಬಿಳಿ ಕಾರು ಕೊಳ್ಳಬೇಡಿ ಎಂದು ಶಾಲೆಯಲ್ಲಿ ಎಲ್ಲರೂ ಹೇಳಿದ್ದರು. ಅದಿರಿನ ಧೂಳು ವಾರದೊಳಗೆ ಅದನ್ನು ಇಟ್ಟಿಗೆ ಬಣ್ಣಕ್ಕೆ ತರುತ್ತದೆ ಎನ್ನುವುದು ಅವರ ಅನುಭವ. ನನ್ನ ಕೈಗೆಟಕುವಂತೆ ಸಿಕ್ಕಿದ್ದು ಒಂದು ಹಳೆಯ ಬಿಳಿ ಕಾರು, ಅದನ್ನೇ ಕೊಂಡೆ. ಶಾಲೆಗೆ ಹೋಗುವಾಗ ಒಣಬಟ್ಟೆಯಿಂದ ಗಾಜು, ಬಾನೆಟ್ಟು ಇಷ್ಟನ್ನು ಒರೆಸಿಕೊಳ್ಳುತ್ತಿದ್ದೆ. ಕಾರು ತೊಳೆಯುವುದೂ ಕಲಿಯಬೇಕಾದ ಕೆಲಸ ಎಂದು ಆಗ ನನಗೆ ಅನ್ನಿಸಿರಲೇ ಇಲ್ಲ.

ನಾನು ಬಾಡಿಗೆಗಿದ್ದದ್ದು ಮಹಡಿಯ ಮೇಲೆ. ಕೆಳಗೆ ಮನೆಯ ಯಜಮಾನರು ಮತ್ತು ಅವರ ಹೆಂಡತಿ. ಯಜಮಾನರು ಟಿ.ಬಿ. ಡ್ಯಾಂನ, ಅಂದರೆ ತುಂಗಭದ್ರಾ ಅಣೆಕಟ್ಟಿನ, ಕಾಲುವೆ ಆಫೀಸಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮಾತು ಕಡಿಮೆ. ಹೆಂಡತಿಯನ್ನು ನಾನು ಅಕ್ಕಾರ ಎನ್ನುತ್ತಿದ್ದೆ, ಅವರಿಬ್ಬರಿಗೂ ನಾನು ಟೀಚರ್. ಮಕ್ಕಳಿರಲಿಲ್ಲ. ಸಂಜೆ ಇಬ್ಬರೂ ಕಟ್ಟೆಯ ಮೇಲೆ ಕುಳಿತು, ಒಬ್ಬರಿಗೊಬ್ಬರು ಏನೂ ಹೇಳದೆ, ರಸ್ತೆ ನೋಡುತ್ತಿದ್ದರು.

ಯಜಮಾನರಿಗೆ ಹೊಟ್ಟೆಯ ತೊಂದರೆ ಬಹಳ ಕಾಲದಿಂದ ಇತ್ತು. ಒಂದು ಭಾನುವಾರ ಬೆಳಗ್ಗೆ ಅಕ್ಕಾರ ಮೆಟ್ಟಿಲ ಬುಡದಿಂದ ನನ್ನನ್ನು ಕರೆದರು. ಕೂಗಲಿಲ್ಲ. ಆದರೂ ಆ ದನಿಗೆ ನಾನು ಬರಿಗಾಲಲ್ಲಿ ಇಳಿದು ಹೋದೆ. ಬಚ್ಚಲಿನ ನೆಲದ ಮೇಲೆ ಯಜಮಾನರು ಗೋಡೆಗೆ ಒರಗಿ ಕುಳಿತಿದ್ದರು. ಬನಿಯನ್ನಿನ ಮೇಲೆಲ್ಲ ರಕ್ತ, ವಾಂತಿಯಲ್ಲಿ ಬಂದದ್ದು. ಆಂಬುಲೆನ್ಸಿಗೆ ಫೋನ್ ಮಾಡಿದರೆ ಅದು ಚೋರನೂರಿನ ಕಡೆ ಬೇರೊಬ್ಬರನ್ನು ಕರೆತರಲು ಹೋಗಿದೆ, ಬರುವುದು ತಡವಾಗುತ್ತದೆ ಎಂದರು.

"ನಿಮ್ಮ ಗಾಡಿಯಾಗ ಹೋಗೂಣೇನ್ರಿ ಟೀಚರ್?" ಎಂದರು ಅಕ್ಕಾರ.

ಹೊಸಪೇಟೆಯ ಆಸ್ಪತ್ರೆಗೆ ಹೋಗುವ ಘಾಟಿ ರಸ್ತೆಯಲ್ಲಿ, ಲಾರಿಗಳ ನಡುವೆ, ನಾನು ಒಬ್ಬಳೇ ಎಂದೂ ಕಾರು ಓಡಿಸಿರಲಿಲ್ಲ. ಆ ಮಾತು ಹೇಳುವ ಹೊತ್ತು ಅದಲ್ಲ. ಪಕ್ಕದ ಮನೆಯವರು ಯಜಮಾನರನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಅಕ್ಕಾರ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಘಾಟಿಯ ತಿರುವಿನಲ್ಲಿ ಅವರಿಗೆ ಮತ್ತೆ ವಾಂತಿಯಾಯಿತು. ನನಗೆ ಕನ್ನಡಿಯಲ್ಲಿ ಅಕ್ಕಾರ ಕೈ ಮಾತ್ರ ಕಾಣುತ್ತಿತ್ತು. ಸೆರಗಿನಿಂದ ಒರೆಸುತ್ತಲೇ ಇದ್ದರು. ಎದುರಿನ ಲಾರಿ ಹಾರ್ನ್ ಮಾಡುತ್ತಿದ್ದಾಗ ಯಜಮಾನರು ಏನೋ ಹೇಳಿದರು. ಅರ್ಧ ತಿರುಗಿ ಏನ್ರಿ ಎಂದೆ.

"ಟೀಚರ್, ನಿಮ್ಮ ಸೀಟು ಹಾಳಾತ್ರಿ," ಎಂದರು.

"ಸೀಟಿಂದು ಬಿಡ್ರಿ, ಮಲಕ್ಕೋರಿ," ಎಂದೆ.

ಆಸ್ಪತ್ರೆ ತಲುಪುವಾಗ ಅವರಿಗೆ ಉಸಿರಿತ್ತು. ಮಧ್ಯಾಹ್ನದ ಹೊತ್ತಿಗೆ ಹೋದರು. ಕಂಪ್ಲಿಯಿಂದ ಅಕ್ಕಾರ ತಂಗಿ ಮತ್ತು ಮೈದುನ ಬಂದರು, ದೇಹವನ್ನು ಬೇರೆ ಗಾಡಿಯಲ್ಲಿ ತಂದರು. ನಾನು ಕಿಟಕಿಗಳನ್ನೆಲ್ಲ ಇಳಿಸಿಕೊಂಡು ಒಬ್ಬಳೇ ಹಿಂದಿರುಗಿದೆ. ಒಳಗಿನ ವಾಸನೆಗೆ ಹೆಸರಿಲ್ಲ.

ಮಣ್ಣಾದ ಮರುದಿನ ಕಾರನ್ನು ವಾಟರ್ ಸರ್ವಿಸಿಗೆ ಒಯ್ದೆ. ಅಲ್ಲಿನವನು ಹಿಂದಿನ ಬಾಗಿಲು ತೆಗೆದು ನೋಡಿ, ಮೆಲ್ಲಗೆ ಮುಚ್ಚಿದ. "ಹೊರಗ ತೊಳದ್ ಕೊಡ್ತೀನ್ರಿ. ಒಳಗಿಂದು ನಮ್ಮಾರು ಮುಟ್ಟಂಗಿಲ್ಲ. ತಪ್ಪು ತಿಳ್ಕೋಬ್ಯಾಡ್ರಿ," ಎಂದ. ನಾನು ತಪ್ಪು ತಿಳಿಯಲಿಲ್ಲ. ಶಾಲೆಯಲ್ಲಿ ಒಬ್ಬರು ಕವರ್ ಹಾಕಿಸಿ ಮಾರಿಬಿಡಿ ಎಂದರು. ಕವರಿನ ಕೆಳಗೆ ಅದನ್ನು ಹಾಗೇ ಮುಚ್ಚಿ ಇನ್ನೊಬ್ಬರ ಕೈಗೆ ಕೊಡುವುದು ನನ್ನಿಂದಾಗದು ಅನ್ನಿಸಿತು. ಹೊಸಪೇಟೆಗೆ ಬಸ್ಸಿನಲ್ಲಿ ಹೋಗಿ, ಕಾರಿನ ಸಾಮಾನು ಮಾರುವ ಅಂಗಡಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಂಗಡಿಯವರು ವಯಸ್ಸಾದವರು. ಕೇಳಿ, ಕಪಾಟಿನಿಂದ ಒಂದೊಂದೇ ಸಾಮಾನು ಇಳಿಸತೊಡಗಿದರು.

"ಬಿಸಿನೀರು ಮಾತ್ರ ಹಾಕಬ್ಯಾಡಮ್ಮ. ಬಿಸಿ ತಾಕಿದ್ರ ರಕ್ತ ಬಟ್ಟಿಗೆ ಕಚ್ಚಿಕೊಂತೈತಿ. ತಣ್ಣೀರೇ ಬೇಕು. ತಿಕ್ಕಬ್ಯಾಡ, ಬಟ್ಟಿ ಒತ್ತು, ಅದೇ ಎಳಕೊಂತೈತಿ. ಸೀಟಿಗೆ ನೀರು ಸುರುವಿದ್ಯೋ, ಒಳಗಿನ ಸ್ಪಂಜು ಕುಡಿದು ಕೂತು ತಿಂಗಳಗಟ್ಲೆ ನಾರ್ತೈತಿ."

ಸೀಟಿನ ಬಟ್ಟೆ ತೊಳೆಯುವ ನೊರೆಯ ಡಬ್ಬ, ಮೆತ್ತನೆಯ ಬ್ರಷ್, ಮೈಕ್ರೋಫೈಬರ್ ಬಟ್ಟೆಗಳು, ಕಾರಿನ ಶಾಂಪೂ, ರಬ್ಬರಿನ ಕೈಗವಸು ಇಷ್ಟನ್ನು ಕಟ್ಟಿಕೊಟ್ಟರು. ಮುಖಕ್ಕೆ ಮಾಸ್ಕ್ ಹಾಕಿಕೊಳ್ಳಬೇಕೆಂದೂ, ನೊರೆಯನ್ನು ಮೊದಲು ಸೀಟಿನ ಕಾಣದ ಅಂಚಿಗೆ ಹಾಕಿ ಬಣ್ಣ ಹೋಗುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕೆಂದೂ ಹೇಳಿದರು.

ಮರುದಿನ ಅಂಗಳದಲ್ಲಿ ನಾಲ್ಕೂ ಬಾಗಿಲು ತೆಗೆದು ಕೆಲಸಕ್ಕೆ ಕುಳಿತೆ. ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ, ಹಿಂಡಿ, ಕಲೆಯ ಅಂಚಿನಿಂದ ನಡುವಿನ ಕಡೆಗೆ ಒತ್ತುತ್ತ ಬಂದೆ. ನಡುವಿನಿಂದ ಹೊರಕ್ಕೆ ಹೋದರೆ ಕಲೆ ಹರಡುತ್ತದೆ. ಬಕೆಟ್ಟಿನ ನೀರು ಮಸುಕಾದ ಕೆಂಪಾಯಿತು. ಚೆಲ್ಲಿ ಹೊಸ ನೀರು ತಂದೆ. ಅದೂ ಹಾಗೇ ಆಯಿತು. ಚೆಲ್ಲಿದ ನೀರು ಅಂಗಳದ ಕೆಂಪು ಮಣ್ಣಿನಲ್ಲಿ ಬೇರೆಯಾಗಿ ಕಾಣುತ್ತಿರಲಿಲ್ಲ.

ಹಿಂದೆ ಯಾರೋ ನಿಂತಂತಾಗಿ ತಿರುಗಿದರೆ ಅಕ್ಕಾರ. ಒಳಗೆ ನೆಂಟರಿದ್ದರು, ಇವರು ಎದ್ದು ಬಂದಿದ್ದರು.

"ನಿಮ್ಮ ಗಾಡಿ ಹೊಲಸು ಮಾಡಿದ್ವಿ," ಎಂದರು.

"ಹಂಗ ಅನಬ್ಯಾಡ್ರಿ ಅಕ್ಕಾರ. ಒಳಗ ಕುಂದ್ರಿ, ನಾ ಮಾಡ್ತೀನಿ."

"ನನ್ನ ಗಂಡಂದ ಅದು. ನಾ ಒರಸ್ತೀನಿ."

ಒಂದು ಬಟ್ಟೆ ಕೊಟ್ಟು ಒತ್ತುವುದನ್ನು ತೋರಿಸಿದೆ. ಕೈಗವಸು ಹಾಕಿಕೊಳ್ಳಿ ಎಂದರೆ ಮೊದಲು ಬೇಡವೆಂದರು, ಆಮೇಲೆ ನನ್ನ ಮುಖ ನೋಡಿ ಹಾಕಿಕೊಂಡರು. ಇಬ್ಬರೂ ಎರಡು ಬಾಗಿಲಿನಿಂದ ಬಾಗಿ, ಎದುರುಬದುರಾಗಿ ಕೆಲಸ ಮಾಡಿದೆವು. ನೊರೆ ಹಾಕಿ, ಬ್ರಷ್ಷಿನಿಂದ ಹಗುರವಾಗಿ ಆಡಿಸಿ, ಒಣಬಟ್ಟೆಯಲ್ಲಿ ಎತ್ತಿದೆವು.

"ಘಾಟಿಯಾಗ ಅವರು ನಿಮಗ ಏನೋ ಅಂದ್ರಲ್ಲ, ಹಾರ್ನಿಗೆ, ಗಾಬರಿಗೆ ನನಗ ತಿಳೀಲಿಲ್ಲ. ಏನಂದ್ರು?" ಎಂದು ಕೇಳಿದರು.

ಹೇಳಿದೆ. ಅವರು ಕೈ ನಿಲ್ಲಿಸಿದರು. ಜೀವನವಿಡೀ ಯಜಮಾನರು ಹಾಗೇ ಇದ್ದರಂತೆ. ಆಫೀಸಿನ ಜೀಪು ಹತ್ತುವ ಮೊದಲು ಚಪ್ಪಲಿಯ ಮಣ್ಣು ಕೊಡವುತ್ತಿದ್ದರಂತೆ. ಇದನ್ನೆಲ್ಲ ಹೇಳುವಾಗ ಅವರ ಮುಖದಲ್ಲಿ ಒಂದು ಸಣ್ಣ ನಗೆಯಿತ್ತು. ಆಮೇಲೆ ಅದು ಹೋಯಿತು.

"ನನ್ನ ತೊಡಿ ಮ್ಯಾಲೇ ಮಲಗಿದ್ರು. ನನಗ ಒಂದ್ ಮಾತು ಅನಲಿಲ್ಲ ನೋಡ್ರಿ. ಸೀಟಿಂದು ಅಂದ್ರು."

ಬಟ್ಟೆಯನ್ನು ಬಕೆಟ್ಟಿನ ಅಂಚಿಗೆ ಹಾಕಿ ಒಳಗೆ ಹೋದರು. ಹೇಳಬಾರದಿತ್ತೇನೋ ಎಂದುಕೊಂಡೆ. ಸುಳ್ಳು ಹೇಳಬೇಕಿತ್ತೇ? ಇಂದಿಗೂ ನನಗೆ ಗೊತ್ತಾಗಿಲ್ಲ. ಸೀಟು ಒಣಗಲೆಂದು ಬಾಗಿಲುಗಳನ್ನು ಬಿಸಿಲಿಗೆ ತೆರೆದಿಟ್ಟು ಮೇಲೆ ಹೋದೆ.

ಮರುದಿನ ಬೆಳಗ್ಗೆ ಕೆಳಗೆ ಬಂದಾಗ ಅವರು ಕಾರಿನ ಹತ್ತಿರ ನಿಂತಿದ್ದರು.

"ಬೆಲ್ಟ್ ಬಿಟ್ಟೀವಿ," ಎಂದರು.

ನಿಜ. ಸೀಟ್ ಬೆಲ್ಟ್ ಸುತ್ತಿಕೊಂಡು ಒಳಗೆ ಹೋಗಿದ್ದರಿಂದ ನನಗೆ ಹೊಳೆದಿರಲಿಲ್ಲ. ಪೂರ್ತಿ ಹೊರಗೆಳೆದು, ಹಿಂದೆ ಸರಿಯದಂತೆ ಬಟ್ಟೆ ಒಣಹಾಕುವ ಕ್ಲಿಪ್ ಸಿಕ್ಕಿಸಿದೆವು. ಅವರು ಅದನ್ನು ಅಂಗೈ ಮೇಲೆ ಹಾಸಿಕೊಂಡು, ನೇಯ್ಗೆಯ ಉದ್ದಕ್ಕೆ ಒಂದೇ ದಿಕ್ಕಿನಲ್ಲಿ ಬ್ರಷ್ ಎಳೆದರು. ಒಣಗುವವರೆಗೂ ಕ್ಲಿಪ್ ತೆಗೆಯಲಿಲ್ಲ.

ಒಳಗಿನದು ಮುಗಿದ ಮೇಲೆ ಹೊರಗಿನದು. ಅದನ್ನು ಬೇಕೆಂದು ಶುರುಮಾಡಲಿಲ್ಲ. ಮುಂದಿನ ಭಾನುವಾರ ಅಕ್ಕಾರ ಕಟ್ಟೆಯ ಮೇಲೆ ಒಬ್ಬರೇ ಕುಳಿತಿದ್ದರು, ನಾನು ಪೈಪು ಹಿಡಿದೆ, ಅವರು ಎದ್ದು ಬಂದರು. ಒಣಬಟ್ಟೆಯಲ್ಲಿ ಒರೆಸಲು ಹೋದವರನ್ನು ತಡೆದೆ. ಅದಿರಿನ ಧೂಳೆಂದರೆ ಕಬ್ಬಿಣದ ಪುಡಿ, ಒಣಗಿದ್ದಾಗ ಒರೆಸಿದರೆ ಬಣ್ಣದ ಮೇಲೆಲ್ಲ ಗೀರು ಎಂದು ಅಂಗಡಿಯವರು ಹೇಳಿದ್ದರು. ನಾನೇ ಎಷ್ಟೋ ದಿನ ಹಾಗೆ ಒರೆಸಿ ಮಾಡಿದ ಗೀರುಗಳು ಬಾನೆಟ್ಟಿನ ಮೇಲೆ ಬಿಸಿಲಿಗೆ ಜೇಡರ ಬಲೆಯಂತೆ ಕಾಣುತ್ತಿದ್ದವು. ಮೊದಲು ಬರೀ ನೀರಿನಿಂದ ಧೂಳು ಇಳಿಸಬೇಕು. ಆಮೇಲೆ ಒಂದು ಬಕೆಟ್ಟಿನಲ್ಲಿ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಬಟ್ಟೆಯನ್ನು ಪ್ರತಿಸಲ ಬರೀ ನೀರಿನಲ್ಲಿ ಜಾಲಿಸಿಯೇ ಶಾಂಪೂಗೆ ಅದ್ದಬೇಕು. ಮೇಲಿನಿಂದ ಕೆಳಕ್ಕೆ, ಚಕ್ರಗಳಿಗೆ ಬೇರೆಯೇ ಬಟ್ಟೆ. ಬೋರ್ ನೀರಾದ್ದರಿಂದ ತಾನಾಗಿ ಒಣಗಲು ಬಿಟ್ಟರೆ ಬಿಳಿ ಚುಕ್ಕೆ ಉಳಿಯುತ್ತದೆ, ತಕ್ಷಣ ಒರೆಸಬೇಕು.

ತೊಳೆದ ಮೇಲೂ ಅಂಗೈಗೆ ತರಿತರಿಯಾಗಿ ತಾಗುತ್ತಿತ್ತು. ಅದಕ್ಕೆ ಕ್ಲೇ ಎಂಬ ಮೆತ್ತನೆಯ ಮುದ್ದೆ ತಂದೆ. ಶಾಂಪೂ ನೀರು ಚಿಮುಕಿಸಿ ಅದನ್ನು ಹಗುರವಾಗಿ ಜಾರಿಸಿದರೆ ಅಂಟಿಕೊಂಡ ಕಬ್ಬಿಣದ ಕಣಗಳನ್ನು ಎತ್ತಿಕೊಳ್ಳುತ್ತದೆ. ಅಕ್ಕಾರ ಅದನ್ನು ರೊಟ್ಟಿಯ ಹಿಟ್ಟಿನಂತೆ ಮಡಿಚಿ ಮಡಿಚಿ ಶುಭ್ರವಾದ ಮಗ್ಗುಲು ಹೊರಗೆ ತರುತ್ತಿದ್ದರು. ನಂತರದ ವಾರ ನೆರಳಿನಲ್ಲಿ ನಿಲ್ಲಿಸಿ ಮೇಣ ಹಚ್ಚಿದೆವು. ತೆಳ್ಳಗೆ ಹಚ್ಚಬೇಕು, ಮಸುಕಾಗುವವರೆಗೆ ಕಾಯಬೇಕು, ಆಮೇಲೆ ಒರೆಸಬೇಕು. ಕಾಯುವಾಗ ಇಬ್ಬರೂ ಕಟ್ಟೆಯ ಮೇಲೆ ಕೂಡುತ್ತಿದ್ದೆವು. ಅಲ್ಲಿ ಅವರು ಗಂಡನ ವಿಷಯ ಸ್ವಲ್ಪ ಸ್ವಲ್ಪವಾಗಿ ಹೇಳುತ್ತಿದ್ದರು. ಡ್ಯಾಂನ ಕ್ವಾರ್ಟರ್ಸ್‌ನಲ್ಲಿದ್ದಾಗ ಅವರು ಒಮ್ಮೆ ವಾರವಿಡೀ ಮಾತು ಬಿಟ್ಟದ್ದು, ಇವರು ಸಿಟ್ಟಾಗಿ ತವರಿಗೆ ಹೊರಟದ್ದು, ಅವರು ಬಸ್‌ಸ್ಟ್ಯಾಂಡಿಗೆ ಬಂದು ನಿಂತರೂ 'ಬಾ' ಎನ್ನಲು ಬಾಯಿ ಬರದೆ ಇವರ ಕೈಯಲ್ಲಿದ್ದ ಚೀಲ ಇಸಿದುಕೊಂಡದ್ದು.

"ಮಾತು ಬರ್ತಿರ್ಲಿಲ್ಲ ಅವರಿಗೆ. ಗೊತ್ತಿತ್ತು ನನಗ. ಆದ್ರೂ ಆವತ್ತು ಘಾಟಿಯಾಗ ಒಂದ್ ಮಾತಿನ ಆಸೆ ಆತು," ಎಂದರು.

ಶಾಲೆಯಲ್ಲಿ ನನ್ನ ಕಾರು ಹತ್ತಲು ಕೆಲವರು ಹಿಂಜರಿದರು. ಅಕ್ಕಾರೂ ಅದುವರೆಗೆ ಒಳಗೆ ಕೂತಿರಲಿಲ್ಲ. ಒಂದು ದಿನ ಕಂಪ್ಲಿಗೆ, ತಂಗಿಯ ಮನೆಗೆ ಬಿಡುತ್ತೀರಾ ಎಂದು ಕೇಳಿದರು. ನಾನು ಮುಂದಿನ ಬಾಗಿಲು ತೆಗೆದೆ. ಅವರು ನೋಡಿ, ಹಿಂದಕ್ಕೆ ಹೋಗಿ, ತಾವೇ ಬಾಗಿಲು ತೆಗೆದು ಕುಳಿತರು. ಕೈಯನ್ನು ಸೀಟಿನ ಮೇಲೆ ಊರಿದ್ದರು. ಘಾಟಿಯುದ್ದಕ್ಕೂ ಅದನ್ನು ತೆಗೆಯಲಿಲ್ಲ. ಹೊಸಪೇಟೆಯಲ್ಲಿ ಆಸ್ಪತ್ರೆಯ ರಸ್ತೆ ಬಂದಾಗ ನಾನು ಬೇರೆ ದಾರಿ ಹಿಡಿಯಲೇ ಎಂದು ಕೇಳಿದೆ.

"ಬ್ಯಾಡ, ಸೀದಾ ಹೋಗ್ರಿ," ಎಂದರು.

ಅಳುತ್ತಿದ್ದರು. ಆಸ್ಪತ್ರೆ ದಾಟಿ, ಊರು ದಾಟಿ, ಎರಡೂ ಕಡೆ ಭತ್ತದ ಗದ್ದೆಗಳು ಶುರುವಾಗುವವರೆಗೂ ಅತ್ತರು. ನಾನು ನಿಲ್ಲಿಸಲಿಲ್ಲ, ಕನ್ನಡಿಯಲ್ಲೂ ನೋಡಲಿಲ್ಲ. ಆಮೇಲೆ ಅವರು ಮೂಗು ಒರೆಸಿಕೊಂಡು, ಕಾಲುವೆಯಲ್ಲಿ ನೀರು ಬಿಟ್ಟಿದ್ದಾರೆ ನೋಡಿ ಎಂದರು. ಹೌದು, ನೀರು ದಂಡೆಯವರೆಗೆ ಬಂದಿತ್ತು.

ಕಂಪ್ಲಿಯಲ್ಲಿ ಅವರ ತಂಗಿ ಊಟ ಮಾಡದೆ ಬಿಡಲಿಲ್ಲ. ಅಕ್ಕಾರ ಕೆಲವು ದಿನ ಅಲ್ಲೇ ಇರುವುದಾಗಿ ಹೇಳಿದರು. ನಾನು ಹೊರಡುವಾಗ ಬಾಗಿಲವರೆಗೆ ಬಂದು, ಘಾಟಿಯಲ್ಲಿ ನಿಧಾನ ಎಂದರು. ಸಂಜೆ ನಾನು ಮನೆ ತಲುಪಿ ಬೀಗ ತೆಗೆಯುವಾಗ ಫೋನ್ ಬಂತು.

"ಮನಿ ಮುಟ್ಟಿದ್ರಾ?"

"ಮುಟ್ಟಿದೆ ಅಕ್ಕಾರ."

ಆಮೇಲೂ ಸ್ವಲ್ಪ ಹೊತ್ತು ಇಬ್ಬರೂ ಫೋನ್ ಇಡಲಿಲ್ಲ.