ರಶ್ಯದ ಸಿಂಫನಿಗೆ ಬನಹಟ್ಟಿಯ ಒನ್ಸ್‌ಮೋರ್

ನಮ್ಮ ಕಡೆಯ ಜನಕ್ಕೆ ಸುಮ್ಮನೆ ಕೂತು ಸಂಗೀತ ಕೇಳಲು ಬರುವುದಿಲ್ಲ. ಇದನ್ನು ದೂರು ಎಂದು ತಿಳಿಯಬೇಡಿ. ಬನಹಟ್ಟಿಯಲ್ಲಿ ಶಾಲೆ ಕಲಿತು, ಜಮಖಂಡಿಯಲ್ಲಿ ಮಾಸ್ತರಿಕೆ ಮಾಡಿ, ಅಲ್ಲಿಯೇ ನಿವೃತ್ತನಾಗಿ ಕೂತ ನಾನೂ ಆ ಜನರಲ್ಲಿ ಒಬ್ಬ. ಹಾಡುವವರು ಒಂದು ತಾನ ಹೊಡೆದು ಸರಿಯಾಗಿ ತಾಳದ ಸಮಕ್ಕೆ ಬಂದು ನಿಂತರೆ ನಮ್ಮ ಬಾಯಿಂದ ‘ಭಲೇ’ ಹೊರಬೀಳಲೇಬೇಕು. ಒಳಗೆ ಉಳಿದರೆ ಅಜೀರ್ಣವಾಗುತ್ತದೆ. ಹೀಗೆ ಮೆಚ್ಚುಗೆಯನ್ನು ಅಲ್ಲಲ್ಲಿಯೇ ಚುಕ್ತಾ ಮಾಡುವುದಕ್ಕೆ ನಾವು ದಾದ ಕೊಡುವುದು ಎನ್ನುತ್ತೇವೆ. ಕಂಪನಿ ನಾಟಕದಲ್ಲಂತೂ ಹಿಂದಿನ ಸಾಲಿನಿಂದ ‘ಒನ್ಸ್‌ಮೋರ್’ ಎಂದು ಕೂಗು ಬಂತೆಂದರೆ ಸತ್ತು ಬಿದ್ದ ನಾಯಕನೂ ಎದ್ದು, ಧೋತರ ಸರಿಮಾಡಿಕೊಂಡು, ಇನ್ನೊಮ್ಮೆ ಹಾಡಿ, ಇನ್ನೊಮ್ಮೆ ಸಾಯಬೇಕು.

ಇಂಥ ಊರಿನಲ್ಲಿ ಬೆಳೆದವನಿಗೆ ದೇವರು ಎಂಥ ಹುಚ್ಚು ಹಚ್ಚಿದ ನೋಡಿ. ಸೋವಿಯತ್ ಕಾಲದ ರಶ್ಯದ ಒಂದು ಸಿಂಫನಿ. ಬರೆದವನ ಹೆಸರು ಹೇಳುವುದಿಲ್ಲ. ಗುಟ್ಟೇನೂ ಇಲ್ಲ, ನನ್ನ ನಾಲಿಗೆ ಹೊರಳುವುದಿಲ್ಲ, ಅಷ್ಟೇ. ಸಿಂಫನಿಗಂತೂ ಹೆಸರೇ ಇಲ್ಲ, ಹೊಲದ ಸರ್ವೇ ನಂಬರಿನ ಹಾಗೆ ಬರಿಯ ಒಂದು ಸಂಖ್ಯೆ. ನಮ್ಮ ರಾಗಗಳಿಗೆ ಹೆಣ್ಣುಮಕ್ಕಳಿಗೆ ಇಡುವಂಥ ಚೆಂದದ ಹೆಸರುಗಳಿರುವಾಗ ಆ ಜನ ಇಷ್ಟು ದುಡಿದು ಮಾಡಿದ್ದಕ್ಕೆ ಯಾಕೆ ಹೀಗೆ ನಂಬರು ಹಚ್ಚುತ್ತಾರೋ ತಿಳಿಯದು. ಅದರಲ್ಲಿ ನಾಲ್ಕು ಭಾಗ. ಒಂದು ಭಾಗ ಮುಗಿದು ಇನ್ನೊಂದು ಸುರುವಾಗುವ ನಡುವೆ ಸ್ವಲ್ಪ ತೆರವು. ಆ ತೆರವಿನಲ್ಲಿ ಚಪ್ಪಾಳೆ ತಟ್ಟಬಾರದು, ಮಾತಾಡಬಾರದು. ಕೆಮ್ಮಬಹುದಂತೆ. ವಿಡಿಯೋಗಳಲ್ಲಿ ನೋಡಿದ್ದೇನೆ, ಅಷ್ಟು ಹೊತ್ತು ತಡೆದಿಟ್ಟ ಕೆಮ್ಮನ್ನೆಲ್ಲ ಇಡೀ ಸಭೆ ಒಮ್ಮೆಲೇ ಕೆಮ್ಮುತ್ತದೆ. ‘ಭಲೇ’ಗೆ ಜಾಗವಿಲ್ಲದ ಕಡೆ ಕೆಮ್ಮಿಗೆ ಇರುವುದು ನನಗೆ ಇಂದಿಗೂ ಸೋಜಿಗ.

ಈ ಸಿಂಫನಿ ನನ್ನ ಕೈಗೆ ಸಿಕ್ಕದ್ದು ಕಾಲೇಜಿನ ದಿನಗಳಲ್ಲಿ. ಆಗ ಸೋವಿಯತ್ ಪುಸ್ತಕಗಳ ವ್ಯಾನು ಊರೂರಿಗೆ ಬರುತ್ತಿತ್ತು. ಗಟ್ಟಿ ರಟ್ಟಿನ ಗಣಿತ, ಬಣ್ಣದ ಚಿತ್ರದ ಮಕ್ಕಳ ಕಥೆ, ಎಲ್ಲವೂ ಅಗ್ಗ. ಒಂದು ಮೂಲೆಯಲ್ಲಿ ಗ್ರಾಮಫೋನ್ ತಟ್ಟೆಗಳೂ ಇದ್ದವು. ಒಂದರ ಹೊದಿಕೆಯ ಮೇಲೆ ಹಿಮ ಬಿದ್ದ ಬಯಲು, ದೂರದಲ್ಲಿ ಒಂಟಿ ಗಿಡ. ನಮ್ಮ ಬಿರುಬಿಸಿಲಿನಲ್ಲಿ ಆ ಹಿಮ ನೋಡಿಯೇ ತಂಪಾಗಿ ಕೊಂಡೆ. ಮನೆಗೆ ಬಂದ ಮೇಲೆ ನೆನಪಾಯಿತು, ತಟ್ಟೆ ಹಾಕಲು ಯಂತ್ರವಿಲ್ಲ. ಮದುವೆ ಮುಂಜಿವೆಗೆ ಮೈಕ್ ಸೆಟ್ ಬಾಡಿಗೆ ಕೊಡುವ ಅಂಗಡಿಯವನ ಕೈಕಾಲು ಹಿಡಿದು ಅವನ ಯಂತ್ರದ ಮೇಲೆ ಹಾಕಿಸಿದೆ. ಅವನ ಯಂತ್ರಕ್ಕೆ ದೊಡ್ಡ ತಟ್ಟೆಗೆ ಬೇಕಾದ ಹಾಗೆ ನಿಧಾನವಾಗಿ ತಿರುಗುವ ಗುಣ ಹೋಗಿಬಿಟ್ಟಿತ್ತು, ಸಣ್ಣ ತಟ್ಟೆಗಳ ವೇಗವೊಂದೇ ಉಳಿದಿತ್ತು. ಹೀಗಾಗಿ ನಾನು ಮೊದಲು ಮನಸೋತದ್ದು ಕೊನೆಯ ಬಸ್ಸು ಹಿಡಿಯಲು ಓಡುತ್ತಿರುವ ಸಿಂಫನಿಗೆ. ಎಷ್ಟೋ ವರ್ಷಗಳ ಮೇಲೆ ಮಗಳು ಫೋನಿನಲ್ಲಿ ಅದನ್ನೇ ಹುಡುಕಿ ಹಾಕಿಕೊಟ್ಟಾಗ, ‘ಇವರಿಗೆ ನುಡಿಸಲು ಬರುವುದಿಲ್ಲ, ಎಳೆಯುತ್ತಾರೆ’ ಎಂದು ತೀರ್ಪು ಕೊಟ್ಟವನು ನಾನು. ಎಳೆದದ್ದು ಅವರಲ್ಲ, ಓಡಿದ್ದು ನಾನು ಎಂದು ತಿಳಿಯಲು ಒಂದು ವಾರ ಹಿಡಿಯಿತು. ಆಮೇಲೆ ನಿಧಾನದ್ದೇ ಹೆಚ್ಚು ಸೇರಿತು. ವಯಸ್ಸೂ ಅದಕ್ಕೆ ಒಪ್ಪುವಂತಿತ್ತು.

ಫೋನಿನಲ್ಲಿ ಕೇಳುವುದರ ಇನ್ನೊಂದು ಸುಖವೆಂದರೆ ಕೆಳಗೆ ಬರೆದಿರುವ ಕಮೆಂಟುಗಳು. ಎಲ್ಲೆಲ್ಲಿಯದೋ ಜನ. ಒಬ್ಬಾಕೆ ತನ್ನ ತಂದೆ ಈ ಮೂರನೆಯ ಭಾಗವನ್ನು ಅಡುಗೆ ಮಾಡುತ್ತ ಗುನುಗುತ್ತಿದ್ದ ಎಂದು ಬರೆದಿದ್ದಾಳೆ. ಒಬ್ಬ ಲಾರಿ ಚಾಲಕ ಹೆದ್ದಾರಿಯಲ್ಲಿ ಇದನ್ನು ಕೇಳಿ ಗಾಡಿ ಬದಿಗೆ ಹಚ್ಚಿದನಂತೆ. ಹೆಚ್ಚಿನವರು ಒಂದೇ ಮಾತು ಹೇಳುತ್ತಾರೆ: ‘ಅಂಡರ್‌ರೇಟೆಡ್.’ ಈತನ ಕಾಲದ ಇಬ್ಬರು ಮೂವರು ದೊಡ್ಡವರ ನೆರಳಿನಲ್ಲಿ ಈತ ಮುಚ್ಚಿಹೋದ, ಇವನಿಗೆ ಸಿಗಬೇಕಾದ್ದು ಸಿಗಲಿಲ್ಲ ಎಂದು ಎಲ್ಲರಿಗೂ ಸಂಕಟ. ಸರಕಾರದ ಸಾಹೇಬರು ಒಪ್ಪಿದರೆ ಮಾತ್ರ ಹಾಡು ಸಭೆ ಹತ್ತುವ ಕಾಲ ಅದು. ನಾಲ್ಕನೆಯ ಭಾಗದಲ್ಲಿ ಬರುವ ತುತ್ತೂರಿ ನಗಾರಿಯ ಜಯಘೋಷ ಬಹುಶಃ ಸಾಹೇಬರಿಗಾಗಿ ಇರಬೇಕು. ಮೂರನೆಯ ಭಾಗವನ್ನು ಮಾತ್ರ ಅವನು ತನಗಾಗಿ ಬರೆದುಕೊಂಡಿದ್ದಾನೆ ಎಂಬುದು ನನ್ನ ಊಹೆ. ಇರಲಿ, ಇಷ್ಟೊಂದು ಜನ ಕೂಡಿ ಅಂಡರ್‌ರೇಟೆಡ್ ಎಂದು ಕೂಗಿದ ಮೇಲೂ ಅದು ಅಂಡರ್‌ರೇಟೆಡ್ ಆಗಿಯೇ ಉಳಿಯುತ್ತದೆಯೇ? ಲೆಕ್ಕದ ಮಾಸ್ತರನಾಗಿದ್ದರೂ ಈ ಲೆಕ್ಕ ನನಗೆ ಬಿಡಿಸಲಾಗಿಲ್ಲ.

ಆ ಕಮೆಂಟುಗಳನ್ನು ಓದುತ್ತ ಓದುತ್ತ ಸಂತೋಷದ ಜೊತೆಗೆ ಒಂದು ಬೇಸರ ಹುಟ್ಟಿತು. ಇವರೆಲ್ಲ ನನ್ನವರೇ, ಆದರೆ ಒಬ್ಬರನ್ನೂ ಚಹಾಕ್ಕೆ ಕರೆಯುವ ಹಾಗಿಲ್ಲ. ಒಳ್ಳೆಯದನ್ನು ಒಬ್ಬನೇ ಕೇಳುವುದು ಹಬ್ಬದ ದಿನ ಒಬ್ಬನೇ ಕೂತು ಹೋಳಿಗೆ ತಿಂದ ಹಾಗೆ. ಬಸ್ಸಿಗೋ ಆಟೋಕ್ಕೋ ಸಿಗುವಷ್ಟು ದೂರದಲ್ಲಿ ಒಬ್ಬ, ಒಬ್ಬನೇ ಒಬ್ಬ ಕೇಳುಗ ನನಗೆ ಬೇಕಾಗಿತ್ತು.

ಹುಡುಕಾಟ ಸುರುವಾಯಿತು. ಬೀಳಗಿಯಲ್ಲಿರುವ ಹಳೆಯ ಸಹೋದ್ಯೋಗಿಗೆ ಲಿಂಕು ಕಳಿಸಿದೆ. ಮರುಕ್ಷಣವೇ ಕೈಮುಗಿದ ಚಿತ್ರ ಬಂತು, ಮರುದಿನ ಮುಂಜಾನೆ ಗುಲಾಬಿ ಹೂವಿನ ಶುಭೋದಯ ಬಂತು. ಸಿಂಫನಿಯ ಸುದ್ದಿ ಮಾತ್ರ ಬರಲಿಲ್ಲ. ಮುಧೋಳದಲ್ಲಿ ಬೇಟೆನಾಯಿ ಸಾಕಿರುವ ನೆಂಟರ ಮನೆಗೆ ಹೋದಾಗ ಪಡಸಾಲೆಯಲ್ಲಿ ಹಚ್ಚಿ ನೋಡಿದೆ. ನೆಂಟರು ಗೋಡೆಗೆ ಒರಗಿ ನಿದ್ದೆ ಹೋದರು. ಅವರ ನಾಯಿ ಮಾತ್ರ ಕಿವಿ ನಿಮಿರಿಸಿ, ಕತ್ತು ಓರೆ ಮಾಡಿ ಕೊನೆಯವರೆಗೂ ಕೇಳಿತು. ಚಪ್ಪಾಳೆ ತಟ್ಟಲಿಲ್ಲ, ಕೆಮ್ಮಲೂ ಇಲ್ಲ. ವಿದೇಶದ ಸಭೆಗೆ ಕೂಡಿಸುವಂಥ ಶ್ರೋತೃ. ಆದರೆ ಅದರ ಜೊತೆ ಆಮೇಲೆ ಮಾತಾಡುವುದೇನು?

ಮನೆಯೊಳಗೆ ಹುಡುಕಲಿಲ್ಲವೇ ಎಂದು ನೀವು ಕೇಳುತ್ತೀರಿ. ನನ್ನ ಹೆಂಡತಿ ಗಿರಿಜೆಯ ಅಭಿಪ್ರಾಯ ನನಗೆ ಬಾಯಿಪಾಠ. ದಿನಾ ಮುಂಜಾನೆ ಆಕೆ ಜೋಳದ ರೊಟ್ಟಿ ಬಡಿಯುವ ಹೊತ್ತಿಗೆ ನಾನು ಪಡಸಾಲೆಯಲ್ಲಿ ಇದನ್ನು ಹಚ್ಚುತ್ತೇನೆ. ಮೊದಲನೆಯ ಭಾಗಕ್ಕೇ ಒಳಗಿನಿಂದ, "ಸ್ವಲ್ಪ ಸಣ್ಣದ ಮಾಡ್ರಿ ಆ ರಶ್ಯಾದ ಗದ್ಲಾ" ಎಂದು ಬರುತ್ತದೆ. ಮಾಡುತ್ತೇನೆ. ಎರಡನೆಯ ಭಾಗದಲ್ಲಿ ಅವರ ನಗಾರಿಗೂ ಇವಳ ರೊಟ್ಟಿಗೂ ತಾಳ ಕೂಡದೆ ನನಗೆ ಸಿಟ್ಟು ಬರುತ್ತದೆ. ತೋರಿಸುವುದಿಲ್ಲ, ರೊಟ್ಟಿ ತಿನ್ನುವವನು ನಾನೇ. ಮೂರನೆಯದಕ್ಕೆ ಬರುವಷ್ಟರಲ್ಲಿ ಪುಣ್ಯಕ್ಕೆ ಹಿಟ್ಟು ಮುಗಿದು ಬಡಿಯುವ ಸದ್ದು ನಿಲ್ಲುತ್ತದೆ.

ಕೊನೆಗೆ ಉಳಿದವನು ಮಲ್ಲಪ್ಪ. ನನ್ನ ಕಟ್ಟೆಯ ಗೆಳೆಯ, ಒಂದೇ ಬೆಂಚಿನಲ್ಲಿ ಕೂತು ಒಂದೇ ಬೆತ್ತದಿಂದ ಪೆಟ್ಟು ತಿಂದವರು ನಾವು. ಬನಹಟ್ಟಿಯಲ್ಲಿ ಅವನ ಪಾವರ್‌ಲೂಮ್ ಮಗ್ಗಗಳಿವೆ. ಅವನ ಒನ್ಸ್‌ಮೋರ್ ಕೂಗಿಗೆ ಒಂದು ಕಾಲದಲ್ಲಿ ನಾಟಕದವರು ಹೆದರುತ್ತಿದ್ದರು, ಆಟ ಬೆಳಗಾದರೂ ಮುಗಿಯದೆಂದು. ಮೊದಲೇ ಅವನನ್ನು ಕರೆಯದಿರಲು ಅದೇ ಕಾರಣ. ಅವನು ಬಾಯಿ ಮುಚ್ಚಿ ಕೂಡುವುದು ಸಾಧ್ಯವೇ ಇಲ್ಲ ಎಂದುಕೊಂಡಿದ್ದೆ. ಆದರೆ ಹೋದ ತಿಂಗಳು ಸಿಕ್ಕಾಗ ಅವನು ಎಂದಿಗಿಂತ ಗಟ್ಟಿಯಾಗಿ ಮಾತಾಡಿದ, ಎಂದಿಗಿಂತ ಕಡಿಮೆ ನಕ್ಕ.

"ಡಾಕ್ಟರ ಹೇಳ್ಯಾರಲೇ ಮಾಸ್ತರ," ಅಂದ. "ಜಲ್ಮ ಎಲ್ಲಾ ಮಗ್ಗದ ಸಪ್ಪಳದಾಗ ಕೂತೀದಿ, ಕಿವಿ ಮುಗದಾವು ಅಂದ್ರು. ಸಣ್ಣ ದನಿ ಮೊದಲ ಹೋಗತಾವಂತ. ಗುಬ್ಬಿ ದನಿ ಹೋತು. ಮೊಮ್ಮಗಳು ಮಾತಾಡಿದ್ರ ತುಟಿ ನೋಡಾಕತ್ತೇನಿ."

"ಕಿವಿಗೆ ಮಶಿನ್ ಹಾಕಸ್ಕೋ," ಅಂದೆ.

"ಹಾಕಸ್ತೇನಿ. ಆದ್ರ ಅದು ಮಶಿನ್ನಿನ ಕಿವಿ. ನನ್ನ ಕಿವಿಲೆ ಕೇಳೂದು ಇನ್ನ ಸ್ವಲ್ಪ ದಿನ ಅಷ್ಟ."

ಆ ಮಾತು ಕೇಳಿದ ಕೂಡಲೇ ನನಗೆ ಸಿಂಫನಿ ನೆನಪಾಯಿತು. ಯಾಕೆಂದರೆ ಆ ಮೂರನೆಯ ಭಾಗದಲ್ಲಿ ಒಂದು ಜಾಗವಿದೆ. ದಪ್ಪ ದನಿಯ ತಂತಿವಾದ್ಯಗಳು ನೆಲ ಹಿಡಿದು ನಡೆಯುತ್ತಿರುತ್ತವೆ. ಇದ್ದಕ್ಕಿದ್ದ ಹಾಗೆ ಮೇಲೆ ಒಂದು ಕೊಳಲು, ಒಂದೇ ಒಂದು, ಸಣ್ಣಗೆ ಏಳುತ್ತದೆ. ಇಡೀ ಸಿಂಫನಿ ಇರುವುದು ಆ ಕೊಳಲಿಗಾಗಿ. ಮಲ್ಲಪ್ಪನಿಗೆ ಅದು ಇನ್ನೂ ಕೇಳಿಸುತ್ತದೆಯೇ? ತಡ ಮಾಡಿದರೆ ಆಗದು ಅನ್ನಿಸಿತು. ಭಾನುವಾರ ಮಧ್ಯಾಹ್ನದ ಊಟಕ್ಕೆ ಬಾ ಎಂದು ಕರೆದೆ.

ಬಂದ. ಚಹಾ, ಚುರುಮುರಿ ಮುಗಿಯಿತು. ನಾನು ಅವನಿಗೆ ನಿಯಮ ಹೇಳಿದೆ: ನಡುವೆ ಮಾತಿಲ್ಲ, ಭಲೇ ಇಲ್ಲ, ಒನ್ಸ್‌ಮೋರ್ ಅಂತೂ ಇಲ್ಲವೇ ಇಲ್ಲ.

"ಹಾಡಕಿ ಕೇಳಾಕ ಕರದೀಯೋ, ಹೆಣದ ಮಣ್ಣಿಗೆ ಕರದೀಯೋ?" ಎಂದು ಕೇಳಿ, ಸ್ಪೀಕರಿನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತ. ನಾನು ಧ್ವನಿಯನ್ನು ಪೂರ್ತಿ ಏರಿಸಿದೆ. ಒಳಗೆ ಗಿರಿಜೆ ರೊಟ್ಟಿ ಬಡಿಯುತ್ತಿದ್ದಳು. ಇವತ್ತು ಸಣ್ಣದ ಮಾಡ್ರಿ ಎಂಬ ಕೂಗು ಬರಲಿಲ್ಲ. ಅತಿಥಿಯ ಮರ್ಯಾದೆಗೆ ಇರಬೇಕೆಂದುಕೊಂಡೆ.

ಮೊದಲನೆಯ ಭಾಗ ಮುಗಿದು ತೆರವು ಬಂದ ಕೂಡಲೇ ಮಲ್ಲಪ್ಪ ನಿಯಮ ಮುರಿದ. "ಇದು ನಮ್ಮ ರೈತರು ಹೊಳೀಗೆ ಚಿಕ್ಕಪಡಸಲಗಿ ಬ್ಯಾರೇಜ್ ಕಟ್ಟಿಧಂಗ ಐತಿ ನೋಡಲೇ. ನೂರಾರ ಮಂದಿ ಕೂಡಿ ದುಡ್ಯಾಕತ್ತಾರ, ಮುಂದ ಬಂದು ನಿಂತಾವ ಒಬ್ಬನೂ ಇಲ್ಲ." ನಾನು ತುಟಿಯ ಮೇಲೆ ಬೆರಳಿಟ್ಟೆ. ಒಳಗೊಳಗೆ ಖುಷಿಯಾಯಿತು. ಒಬ್ಬ ಹಾಡುವ, ಉಳಿದವರು ಸಾಥ್ ಕೊಡುವ ನಮ್ಮ ಪದ್ಧತಿಗೂ ಇದಕ್ಕೂ ಇರುವ ಫರಕನ್ನು ನಾನು ವರ್ಷಗಟ್ಟಲೆ ಯೋಚಿಸಿ ಕಂಡುಕೊಂಡಿದ್ದೆ. ಇವನು ಚುರುಮುರಿ ಅರಗುವ ಮೊದಲೇ ಹೇಳಿದ.

ಎರಡನೆಯದಕ್ಕೆ ಅವನ ಕಾಲು ತಾಳ ಹಾಕಿತು. ಮೂರನೆಯದು ಸುರುವಾದಾಗ ಕಾಲು ನಿಂತಿತು. ಕಣ್ಣು ಮುಚ್ಚಿದ. ಒಂದು ಅಂಗೈಯನ್ನು ಸ್ಪೀಕರಿನ ಮೇಲೆ, ಕರುವಿನ ಬೆನ್ನ ಮೇಲೆ ಇಟ್ಟ ಹಾಗೆ, ಇಟ್ಟುಕೊಂಡ. ಕೊಳಲು ಬರುವ ಜಾಗ ಹತ್ತಿರವಾದಂತೆ ನಾನು ಸಂಗೀತ ಕೇಳುವುದು ಬಿಟ್ಟು ಅವನ ಮುಖವನ್ನೇ ನೋಡುತ್ತ ಕೂತೆ. ಕೊಳಲು ಬಂತು, ಹೋಯಿತು. ಮುಖದಲ್ಲಿ ಏನೂ ತಿಳಿಯಲಿಲ್ಲ. ನಾಲ್ಕನೆಯದು ಸಾಹೇಬರಿಗೆ ಸಲಾಮು ಹೊಡೆದು ಮುಗಿಯಿತು. ಅವನ ಕಣ್ಣು ಮುಚ್ಚಿಯೇ ಇತ್ತು, ಕೈ ಸ್ಪೀಕರಿನ ಮೇಲೆಯೇ ಇತ್ತು. ನನಗೆ ಅಳು ಬರುವ ಹಾಗಾಯಿತು. ಕರೆಯಬಾರದಿತ್ತು, ಇವನಿಗೆ ಹೋದದ್ದೇನು ಎಂಬುದನ್ನು ನಾನೇ ಕರೆದು ತೋರಿಸಿದ ಹಾಗಾಯಿತಲ್ಲ ಅನ್ನಿಸಿತು.

ಮಲ್ಲಪ್ಪ ಕಣ್ಣು ತೆರೆದ. "ಒನ್ಸ್‌ಮೋರ್," ಅಂದ. ಹಳೆಯ ಕೂಗಲ್ಲ, ಮೆಲ್ಲಗೆ. "ಮೂರನೇದು ಇನ್ನೊಮ್ಮೆ ಹಚ್ಚಲೇ. ಮ್ಯಾಲ ಏನೋ ಒಂದು ಸಣ್ಣ ದನಿ ಬಂಧಂಗಾತು. ಖರೇನ ಕೇಳಿಸ್ತೋ, ಕೇಳಬೇಕನ್ನೂ ಆಸೇಕ ನಾನ ಹುಟ್ಟಿಸ್ಕೊಂಡೆನೋ, ತಿಳೀವಲ್ದು."

ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯ ಬಾಗಿಲಿನಿಂದ ಉತ್ತರ ಬಂತು. ಗಿರಿಜೆ ಹಿಟ್ಟಿನ ಕೈಯಲ್ಲೇ ನಿಂತಿದ್ದಳು. ಮಲ್ಲಪ್ಪನಿಗೆ ಕೇಳಲಿ ಎಂದು ದನಿ ಎತ್ತಿ ಹೇಳಿದಳು:

"ಖರೇನ ಐತ್ರಿ ಅಣ್ಣಾರ, ಅದು ಕೊಳಲ. ದಿನಾ ಆ ಜಾಗಾ ಬಂದಾಗ ನಾ ರೊಟ್ಟಿ ಬಡಿಯೂದು ನಿಲ್ಲಸ್ತೇನಿ. ಇಲ್ಲಂದ್ರ ಕೇಳೂದಿಲ್ಲ ಅದು." ಆಮೇಲೆ ನನ್ನ ಕಡೆ ತಿರುಗಿ, "ತಡೀರಿ, ಹಚ್ಚಬ್ಯಾಡ್ರಿ. ಕೈ ತೊಳಕೊಂಡು ಬರತೇನಿ."

ನಾನು ಫೋನನ್ನು ಮೂರನೆಯ ಭಾಗದ ಸುರುವಿಗೆ ತಂದು ಇಟ್ಟುಕೊಂಡೆ. ಬೀಳಗಿಗೆ ಲಿಂಕು ಕಳಿಸಿದವನು, ಮುಧೋಳದ ನಾಯಿಗೂ ಕೇಳಿಸಿದವನು ನಾನು. ಹಿಟ್ಟು ಮುಗಿಯಿತೆಂದು ಇಷ್ಟು ವರ್ಷ ತಿಳಿದಿದ್ದೆನಲ್ಲ, ದಿನಾ ಸರಿಯಾಗಿ ಅದೇ ಜಾಗಕ್ಕೆ ಹಿಟ್ಟು ಹೇಗೆ ಮುಗಿದೀತು ಎಂದು ಒಮ್ಮೆಯೂ ಹೊಳೆಯಲಿಲ್ಲ. ನಾಚಿಕೆ ಆಯಿತು, ಅದಕ್ಕಿಂತ ಹೆಚ್ಚು ಸಂತೋಷ ಆಯಿತು.

ಆಕೆ ಬಂದು ಕೂತಳು. "ಸಣ್ಣದ ಮಾಡ್ಲೇನು?" ಎಂದು ಕೇಳಿದೆ. "ಬ್ಯಾಡ. ಅಣ್ಣಾರಿಗೆ ಕೇಳಬೇಕಲ್ಲ," ಅಂದಳು. ಮೂರನೆಯ ಭಾಗ ಮತ್ತೆ ಸುರುವಾಯಿತು. ದಪ್ಪ ದನಿಗಳು ನಡೆದವು, ನಡೆದವು, ಗಿರಿಜೆ ಮಲ್ಲಪ್ಪನ ಕಡೆ ನೋಡಿ ಒಂದು ಬೆರಳು ಮೇಲೆತ್ತಿದಳು, ಕೊಳಲು ಎದ್ದಿತು.

"ಭಲೇ!" ಅಂದ ಮಲ್ಲಪ್ಪ. ಕಿಟಕಿಯ ಗಾಜು ನಡುಗುವ ಹಾಗೆ, ಸಿಂಫನಿಯ ನಟ್ಟನಡುವೆ, ಎಲ್ಲ ನಿಯಮ ಮುರಿದು. ನಾನು ತುಟಿಯ ಮೇಲೆ ಬೆರಳಿಡಲಿಲ್ಲ.

ಆ ಸಂಜೆ ಮೊದಲ ಸಲ ನಾನೂ ಒಂದು ಕಮೆಂಟು ಬರೆದೆ, ಕನ್ನಡದಲ್ಲಿಯೇ. ಯಾರು ಓದುತ್ತಾರೋ ಬಿಡುತ್ತಾರೋ, ಬರೆಯಬೇಕಾದ್ದು ಬಹಳ ಇರಲಿಲ್ಲ: ‘ಜಮಖಂಡಿಯಲ್ಲಿ ಮೂರು ಮಂದಿ ಕೂಡಿ ಕೇಳಿದೆವು. ಕೊಳಲಿಗೆ ಭಲೇ.’