ಕಡ್ಡಿ ಬೆರಳಿನ ದಾದಾ

ಮೊಮ್ಮಗಳು ಬರೆದ ವರದಿ ನಮ್ಮೂರ ಇಂಗ್ಲಿಷ್ ಪೇಪರಿನಲ್ಲಿ ಬಂದಿದೆ! ಮೊದಲನೇ ಪುಟ. ಮೇಲೆ ಅವಳ ಹೆಸರು, ಒಳಗೆ ನನ್ನ ಹೆಸರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಇಂಗ್ಲಿಷ್ ಓದಲು ಬಾರದು. ಆದರೂ ನನ್ನ ಹೆಸರು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬಲ್ಲೆ. ಬೆಳಗ್ಗಿನಿಂದ ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ತೋರಿಸಿಯೂ ಆಯಿತು.

ತೋರಿಸಲೇಬೇಕಾಗಿದ್ದ ಒಬ್ಬರು ಮಾತ್ರ ಇಲ್ಲ: ಎದುರು ಮನೆಯ ಬಂಗಾಳಿ ದಾದಾ, ಅವರ ಭಾಷೆಯಲ್ಲಿ ಅಣ್ಣ. ಅವರ ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಟೀ ಕಪ್ಪು ಹಿಡಿದರೆ ಅವೆರಡೂ ಕಡ್ಡಿಯ ಹಾಗೆ ನೆಟ್ಟಗೆ ನಿಲ್ಲುತ್ತಿದ್ದವು. ಕಲ್ಕತ್ತೆಯಲ್ಲಿ ಒಬ್ಬ ಮಂತ್ರಿಯ ಜಮೀನಿನ ಹಗರಣವನ್ನು ಪೇಪರಿನಲ್ಲಿ ಬರೆದದ್ದಕ್ಕೆ ಯಾರೋ ಬಂದು ಮುರಿದಿದ್ದರು. ಮಾರನೆಯ ದಿನ ದಾದಾ ಎಡಗೈಯಲ್ಲಿ ಉಳಿದರ್ಧ ಬರೆದರಂತೆ. ಆಮೇಲೆ ಕೆಲವು ವರ್ಷ ಬೆಂಗಳೂರಿನಲ್ಲಿ ರಾಜಕೀಯ ವರದಿಗಾರ. ಅವರ ಮುರುಕು ಕನ್ನಡ ಅಲ್ಲಿಯದು. ಮಗಳ ಜೊತೆ ಅಮೆರಿಕಕ್ಕೆ, ನಮ್ಮ ಈ ಜರ್ಸಿ ಸಿಟಿಗೆ ಬಂದ ಮೇಲೂ ಸುಮ್ಮನಿರಲಿಲ್ಲ. ಅಡುಗೆಮನೆಯ ಮೇಜಿನ ಮೇಲಿಂದಲೇ ಒಂದು ಬಂಗಾಳಿ ವಾರಪತ್ರಿಕೆ ಹೊರಡಿಸುತ್ತಿದ್ದರು.

ಅವರದ್ದೊಂದು ಪದ್ಧತಿ ಇತ್ತು. ಯಾರ ವಿರುದ್ಧ ಬರೆದರೂ, ಅಚ್ಚಿಗೆ ಕೊಡುವ ಮೊದಲು ಆ ಮನುಷ್ಯನಿಗೇ ಫೋನ್ ಮಾಡಿ ಪೂರ್ತಿ ಓದಿ ಹೇಳುವುದು.

"ಅಲ್ಲ ದಾದಾ, ಕಳ್ಳನಿಗೆ ಮೊದಲೇ ಹೇಳಿದ್ರೆ ಅವನು ಹುಷಾರಾಗಲ್ವಾ?" ಎಂದು ನಾನು ನಗುತ್ತಿದ್ದೆ.

"ಆಗಲಿ ದೀದಿ. ಅವನ ಎದುರು ಓದೋಕೆ ನನಗೆ ಹೆದರಿಕೆ ಆದರೆ, ನಾನು ಬರೆದಿದ್ದರಲ್ಲೇ ಏನೋ ತಪ್ಪು ಇದೆ."

ಮೊಮ್ಮಗಳು ಸ್ಕೂಲು ಬಿಟ್ಟೊಡನೆ ಆ ಮೇಜಿಗೆ ಹೋಗಿ ಕೂರುತ್ತಿದ್ದಳು. ಅವಳಿಗೆ ಬರೆಯುವ ಹುಚ್ಚು ಹತ್ತಿದ್ದು ಅಲ್ಲೇ.

ಹೋದ ಚಳಿಗಾಲದಲ್ಲಿ ದಾದಾ ತೀರಿಕೊಂಡರು. ವಸಂತ ಬರುವಷ್ಟರಲ್ಲಿ, ನಮ್ಮಂಥ ಮುದುಕರನ್ನು ಡಾಕ್ಟರ ಹತ್ತಿರ ಕರೆದೊಯ್ಯುವ ಸೀನಿಯರ್ ಬಸ್ಸೂ ನಿಂತುಹೋಯಿತು. "ನಿಲ್ಲಲ್ಲ" ಎಂದು ನಮ್ಮೆದುರು ಮಾತು ಕೊಟ್ಟ ನಗರಸಭೆಯ ಕೌನ್ಸಿಲ್‌ಮನ್ನೇ ನಿಲ್ಲಿಸುವ ಕಾಗದಕ್ಕೆ ಸಹಿ ಹಾಕಿದ್ದ. ಆ ಕಾಗದವನ್ನು ಹುಡುಕಿ ತೆಗೆದು ವರದಿ ಬರೆಯಲು ಕೂತವಳು ಮೊಮ್ಮಗಳು.

ನನ್ನ ಮಗ ಕನ್ನಡ ಸಂಘದ ಸೆಕ್ರೆಟರಿ. ಅವನು ತಲೆ ಮೇಲೆ ಕೈ ಹೊತ್ತ. "ರಾಜ್ಯೋತ್ಸವಕ್ಕೆ ಹಾಲ್ ಕೊಡಿಸೋದೇ ಅವರು! ಮುಂದಿನ ವಾರ ಅವರಿಗೆ ಶಾಲು ಬೇರೆ ಹೊದಿಸ್ತಿದ್ದೀವಿ. ಅಮ್ಮ, ನೀವಾದರೂ ಹೇಳಿ ಅವಳಿಗೆ."

ಹೇಳಿದೆ. "ಬಸ್ಸಿಲ್ಲದೆ ನಾನು ಎರಡು ಸಲ ಡಾಕ್ಟರ ಅಪಾಯಿಂಟ್‌ಮೆಂಟ್ ತಪ್ಪಿಸಿಕೊಳ್ಳೋ ಹಾಗಾಯ್ತು ಅಂತ ಬರಿ. ನನ್ನ ಹೆಸರು ಹಾಕು. ಹಾಲ್ ಸಿಗದಿದ್ರೆ ಪಾರ್ಕಿನಲ್ಲಿ ನಿಂತು ಹಾಡೋಣ."

ಮೊಮ್ಮಗಳು ಆ ಮನುಷ್ಯನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಮೊದಲಿನಿಂದ ಕೊನೆಯವರೆಗೆ ಓದಿದಳು.

"ಡು ಯು ನೋ ಹೂ ಐ ಆಮ್?" ಎಂದ ಅವನು. ಅಷ್ಟು ಇಂಗ್ಲಿಷ್ ನನಗೂ ಬರುತ್ತದೆ.

"ಯೆಸ್ ಸರ್. ಇಟ್ಸ್ ಇನ್ ದ ಥರ್ಡ್ ಪ್ಯಾರಾಗ್ರಾಫ್."

ನನ್ನ ಮಗನಿಗೇ ನಗು ತಡೆಯಲಾಗಲಿಲ್ಲ.

ಇವತ್ತು ಸಂಜೆ ಬಿಸಿಬೇಳೆಬಾತು ಮಾಡಿದೆ. ಎದುರು ಮನೆಯಿಂದ ದಾದಾನ ಹೆಂಡತಿಯನ್ನೂ ಕರೆತಂದು ಕೂರಿಸಿದೆ. ಬಡಿಸುವ ಮೊದಲು, ಓದಿ ಹೇಳೆಂದು ಪೇಪರನ್ನು ಮಗನ ಕೈಗೇ ಕೊಟ್ಟೆ. ಮೆಲ್ಲಗೆ ಶುರುಮಾಡಿದ. ಮೂರನೇ ಪ್ಯಾರಾ ಬರುವ ಹೊತ್ತಿಗೆ ಎದ್ದು ನಿಂತು, ಕಾರಿಡಾರಿಗೆಲ್ಲ ಕೇಳುವ ಹಾಗೆ ಓದುತ್ತಿದ್ದ.

"ಅವರು ಇದ್ದಿದ್ರೆ ಒಂದು ತಪ್ಪು ಹುಡುಕ್ತಾ ಇದ್ರು," ಎಂದು ದಾದಾನ ಹೆಂಡತಿ ಕಣ್ಣೊರೆಸಿಕೊಂಡು ತಟ್ಟೆ ಮುಂದೆ ಚಾಚಿದರು.

ತುಪ್ಪ ಹಾಕಿದೆ. ಎಲ್ಲರೂ ಊಟಕ್ಕೆ ಕೂತೆವು.